ರಜೆಗೆ ಮೊದಲೇ ಪರೀಕ್ಷೆಯೋ, ರಜೆ ಮುಗಿದ ಮೇಲೋ?

ಸಲಹೆ ಕೋರಿಕೆ

ನಾನು ಪದವಿ ತರಗತಿಗಳ ಬೋಧಕಿ. ನಮ್ಮ ವಿಶ್ವವಿದ್ಯಾಲಯದಲ್ಲಿ ಇದುವರೆಗೆ ಪಾಠಗಳು ಮುಗಿದು, 3 ವಾರಗಳ ರಜೆ ಕಳೆದ ಮೇಲೆ ಸೆಮಿಸ್ಟರ್ ಪರೀಕ್ಷೆಗಳು ಆರಂಭವಾಗುತ್ತಿದ್ದವು. ಮುಂದಿನ ವರ್ಷದಿಂದ ಅವನ್ನು ರಜೆಗೆ ಮೊದಲೇ ಮುಗಿಸಬೇಕೆಂಬ ಪ್ರಸ್ತಾವ ಬಂದಿದ್ದು, ಅದರ ಸಾಧಕ ಬಾಧಕಗಳನ್ನು ನೋಡುವ ಸಮಿತಿಯಲ್ಲಿ ನಾನೂ ಇದ್ದೇನೆ. ಎರಡೂ ಪದ್ಧತಿಗಳನ್ನು ಕಂಡವರು, ವಿದ್ಯಾರ್ಥಿಗಳಾಗಿರಲಿ ಸಿಬ್ಬಂದಿಯಾಗಿರಲಿ, ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹಿರಿಯ ಪ್ರಾಧ್ಯಾಪಕರೊಬ್ಬರು

ನನ್ನ ಸೇವೆಯ ಮೊದಲರ್ಧದಲ್ಲಿ ಪರೀಕ್ಷೆಗಳು ರಜೆಯ ನಂತರ ನಡೆಯುತ್ತಿದ್ದವು, ಆಮೇಲೆ ರಜೆಗೆ ಮೊದಲು. ಬದಲಾವಣೆಯಾದ ವರ್ಷ ವಿದ್ಯಾರ್ಥಿಗಳು ಹಗುರ ಮನಸ್ಸಿನಿಂದ ಊರಿಗೆ ಹೊರಟದ್ದನ್ನು ನೋಡಿ ನಮಗೆಲ್ಲ ಸಂತೋಷವಾಯಿತು; ಅವರು ಇಳಿಸಿ ಹೋದ ಹೊರೆ ಉತ್ತರಪತ್ರಿಕೆಗಳ ಕಟ್ಟುಗಳಾಗಿ ನಮ್ಮ ಮೇಜಿಗೆ ಬಂದಾಗಲೇ ಲೆಕ್ಕ ಅರ್ಥವಾದದ್ದು. ಆ ರಜೆಯಲ್ಲಿ ನನ್ನ ಪಾಲಿಗೆ 180 ಉತ್ತರಪತ್ರಿಕೆಗಳು ಬಂದಿದ್ದವು. ಒಂದಕ್ಕೆ 20 ನಿಮಿಷವೆಂದರೂ 60 ಗಂಟೆಗಳ ಕೆಲಸ. ಮುಂದಿನ ಸೆಮಿಸ್ಟರಿನ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳಲು ಉಳಿದದ್ದು ಕೊನೆಯ ನಾಲ್ಕು ದಿನ ಮಾತ್ರ.

ಇನ್ನೊಂದು ಪರಿಣಾಮ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಯನ್ನು ರಜೆಗೆ ಮೊದಲೇ ಎಳೆದುಕೊಂಡಾಗ ಪಾಠದ ವಾರಗಳಲ್ಲಿ ಒಂದು ಕಡಿತವಾಯಿತು. ಪಠ್ಯಕ್ರಮ ಮಾತ್ರ ಅಷ್ಟೇ ಉಳಿಯಿತು. ಕೊನೆಯ ಘಟಕವನ್ನು ಓಡಿಸಿ ಮುಗಿಸಿದೆವು. ಆಂತರಿಕ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ, ಪ್ರಬಂಧ ಸಲ್ಲಿಕೆ ಎಲ್ಲವೂ ಒಂದೇ ವಾರಕ್ಕೆ ಬಂದು ರಾಶಿಬಿದ್ದವು.

ಹಾಗೆಂದು ಹಳೆಯ ಪದ್ಧತಿಯನ್ನು ಹೊಗಳಲಾರೆ. ರಜೆಯಲ್ಲಿ ಮಕ್ಕಳು ನಿಧಾನವಾಗಿ ಓದಿಕೊಳ್ಳುತ್ತಾರೆಂಬುದು ನಮ್ಮ ಹಾರೈಕೆಯೇ ಆಗಿತ್ತು. ಮರೆವಿನ ಬಗ್ಗೆ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದಂತೆ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ ಮತ್ತು ದಿನಗಳಲ್ಲಿಯೇ ವೇಗವಾಗಿ ಜಾರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಉಳಿಯುತ್ತದೆ. ಮೂರು ವಾರಗಳ ಬಿಡುವು ನಮ್ಮಲ್ಲಿತ್ತು, ಮತ್ತೆ ಮತ್ತೆ ಓದುವುದು ಇರಲಿಲ್ಲ.

ಈಚೆಗೆ ಪದವಿ ಮುಗಿಸಿದ ವಿದ್ಯಾರ್ಥಿನಿ

ಪ್ರಾಧ್ಯಾಪಕರ ಕೊನೆಯ ಮಾತಿಗೆ ಗೌರವದಿಂದಲೇ ಒಂದು ಆಕ್ಷೇಪವಿದೆ. ನಾವು ರಜೆಯಲ್ಲಿ ಓದದೆ ಇದ್ದದ್ದಕ್ಕೆ ಸೋಮಾರಿತನವೊಂದೇ ಕಾರಣವಾಗಿರಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ಗ್ರಂಥಾಲಯವಿತ್ತು, ಸಂದೇಹ ಬಂದರೆ ಕೇಳಲು ಅಧ್ಯಾಪಕರಿದ್ದರು, ಜೊತೆಗೆ ಕುಳಿತು ಓದುವ ಗೆಳತಿಯರಿದ್ದರು. ಮನೆಗೆ ಹೋದರೆ ಇರುವ ಎರಡು ಕೋಣೆಗಳಲ್ಲಿ ಆರು ಜನ. ಮಗಳು ರಜೆಗೆ ಬಂದಿದ್ದಾಳೆಂದ ಮೇಲೆ ಮನೆಗೆಲಸ ಅವಳ ಕೈಗೆ ಬರುವುದು ಸಹಜ. ಪ್ರತ್ಯೇಕ ಕೋಣೆ ಇದ್ದವರು ಓದಿದರು, ರಜೆಯಲ್ಲಿ ದುಡಿದು ಶುಲ್ಕ ಕಟ್ಟಬೇಕಾದವರು ದುಡಿದರು, ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಆಗಿತ್ತು. ಪೂರ್ತಿ ಓದಲೂ ಆಗದೆ, ಪೂರ್ತಿ ವಿಶ್ರಾಂತಿಯೂ ಸಿಗದೆ, ಆ ಮೂರು ವಾರ ಅಪರಾಧಿಗಳಂತೆ ಕಳೆಯುತ್ತಿದ್ದೆವು.

ಆದರೆ ಪದ್ಧತಿ ಬದಲಾದಾಗ ಆದದ್ದನ್ನೂ ಹೇಳಬೇಕು. ಐದು ಪತ್ರಿಕೆಗಳನ್ನು ಆರು ದಿನಗಳಲ್ಲಿ ಬರೆಸಿದರು. ಮೂರನೆಯ ದಿನದಿಂದ ರಾತ್ರಿ ಮೂರು ಗಂಟೆ ನಿದ್ರೆ ಮಾಡಿದರೆ ಹೆಚ್ಚು. ಐದನೆಯ ಪತ್ರಿಕೆಯ ದಿನ ಒಂದೇ ಪ್ರಶ್ನೆಯನ್ನು ಮೂರು ಸಲ ಓದಿದರೂ ಏನು ಕೇಳಿದ್ದಾರೆಂದು ತಲೆಗೆ ಹತ್ತಲಿಲ್ಲ. ಅದು ನನಗೆ ಅತ್ಯಂತ ಪ್ರಿಯವಾದ ವಿಷಯವಾಗಿತ್ತು, ಅತಿ ಕಡಿಮೆ ಅಂಕಗಳು ಬಂದದ್ದೂ ಅದರಲ್ಲೇ.

ಪರೀಕ್ಷಾ ವಿಭಾಗದ ನಿವೃತ್ತ ಸಿಬ್ಬಂದಿ

ಈ ಇಬ್ಬರ ಮಾತುಗಳಲ್ಲೂ ನನಗೆ ಕಾಣುವುದು ಅಂತರದ ಪ್ರಶ್ನೆ. ಅಮೆರಿಕದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಬರೆಯುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳ ಫಲಿತಾಂಶಗಳನ್ನು ಇಯಾನ್ ಫಿಲ್ಮೋರ್ ಮತ್ತು ಡೆವಿನ್ ಪೋಪ್ ಪರಿಶೀಲಿಸಿದ್ದಾರೆ. ಎರಡು ಪರೀಕ್ಷೆಗಳ ನಡುವೆ ಒಂದೇ ದಿನ ಸಿಕ್ಕವರಿಗಿಂತ 10 ದಿನ ಸಿಕ್ಕವರು ಎರಡರಲ್ಲೂ ಉತ್ತೀರ್ಣರಾಗುವ ಸಾಧ್ಯತೆ ಸುಮಾರು ಶೇ. 8ರಷ್ಟು ಹೆಚ್ಚಿತ್ತು. ಹತ್ತು ದಿನ ಯಾರೂ ಕೊಡಲಾರರು, ಒಪ್ಪುತ್ತೇನೆ. ನಡುವೆ ಒಂದು ದಿನ ಬಿಡುವು ಕೊಡುವುದಕ್ಕೇ ನಾವು ಹೆಣಗಾಡುತ್ತಿದ್ದೆವು.

ಹೆಣಗಾಟ ಏಕೆಂದರೆ, ಒಬ್ಬನೇ ವಿದ್ಯಾರ್ಥಿ ಎರಡು ವಿಷಯಗಳನ್ನು ತೆಗೆದುಕೊಂಡಿದ್ದರೆ ಆ ಎರಡು ಪತ್ರಿಕೆಗಳು ಒಂದೇ ವೇಳೆಗೆ ಬರಬಾರದು. ಗಣಿತದವರು ಇದನ್ನು ನಕ್ಷೆಗೆ ಬಣ್ಣ ತುಂಬುವ ಸಮಸ್ಯೆಗೆ ಹೋಲಿಸುತ್ತಾರೆ: ತಾಗಿಕೊಂಡ ಎರಡು ಪ್ರದೇಶಗಳಿಗೆ ಒಂದೇ ಬಣ್ಣ ಕೂಡದು, ಬಣ್ಣಗಳು ಮಾತ್ರ ಎಣಿಸಿದಷ್ಟೇ. ಐಚ್ಛಿಕ ವಿಷಯಗಳು ಹೆಚ್ಚಿದಷ್ಟೂ ತಾಗುವ ಗಡಿಗಳು ಹೆಚ್ಚುತ್ತವೆ. ಹಳೆಯ ಬಾಕಿ ಪತ್ರಿಕೆಗಳಿಗೆ ಕೂರುವವರನ್ನು ಸೇರಿಸಿದರೆ ಪಟ್ಟಿ ಪೂರ್ತಿ ಕದಡುತ್ತದೆ. ಹೆಚ್ಚುವರಿ ಸಮಯ ಅಥವಾ ಲಿಪಿಕಾರರ ನೆರವು ಪಡೆಯುವ ವಿದ್ಯಾರ್ಥಿಗಳಿಗೆ ಬೇರೆ ಕೊಠಡಿ, ಬೇರೆ ಮೇಲ್ವಿಚಾರಕರು ಬೇಕು; ಒಂದೇ ದಿನ ಎರಡು ಪತ್ರಿಕೆಗಳಿದ್ದರೆ ಅವರಿಗೆ ನಡುವಿನ ಬಿಡುವೇ ಉಳಿಯುವುದಿಲ್ಲ.

ರಜೆಗೆ ಮೊದಲು ಪರೀಕ್ಷೆ ಇಟ್ಟರೆ ಪ್ರಶ್ನೆಪತ್ರಿಕೆ ಸಿದ್ಧಪಡಿಸಿ ಪರಿಶೀಲಿಸುವ ಕೆಲಸವೂ ಪಾಠದ ನಡುವಿಗೇ ಬಂದು ಬೀಳುತ್ತದೆ. ನಮ್ಮಲ್ಲಿ ಒಮ್ಮೆ ಇನ್ನೂ ಬೋಧಿಸದ ಅಧ್ಯಾಯದಿಂದ ಪ್ರಶ್ನೆ ಬಂದು, ಕೃಪಾಂಕ ಕೊಟ್ಟು ಸರಿಪಡಿಸಬೇಕಾಯಿತು.

ಸಲಹೆ ಕೋರಿದವರು

ಎಲ್ಲರಿಗೂ ವಂದನೆಗಳು. ನಮ್ಮಲ್ಲಿ ವಿದ್ಯಾರ್ಥಿಗೆ ಆರು ಪತ್ರಿಕೆಗಳು. ರಜೆಗೆ ಮೊದಲು ದೊರೆಯುವುದು 12 ದಿನಗಳು. ಬೆಳಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಪರೀಕ್ಷೆ ಇಡಬೇಕಾದೀತು.

ಪರೀಕ್ಷಾ ವಿಭಾಗದ ನಿವೃತ್ತ ಸಿಬ್ಬಂದಿ

ಹನ್ನೆರಡು ದಿನಗಳಲ್ಲಿ ಆರು ಪತ್ರಿಕೆಗಳೆಂದರೆ ದಿನ ಬಿಟ್ಟು ದಿನ ಸಾಧ್ಯವಿದೆ. ಹೆಚ್ಚು ಜನ ಬರೆಯುವ ಕಡ್ಡಾಯ ವಿಷಯಗಳನ್ನು ಮೊದಲು ಕೂರಿಸಿ, ಮೌಲ್ಯಮಾಪಕರಿಗೆ ದೊಡ್ಡ ಕಟ್ಟುಗಳು ಬೇಗ ಕೈಸೇರುತ್ತವೆ. ಹೊತ್ತಿನ ವಿಷಯದಲ್ಲಿ, ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಫಲಿತಾಂಶಗಳ ಅಧ್ಯಯನವೊಂದರಲ್ಲಿ ಬೆಳಗಿನ 9 ಮತ್ತು ಸಂಜೆಯ 4.30ರ ಪರೀಕ್ಷೆಗಳಿಗಿಂತ ಮಧ್ಯಾಹ್ನ 1.30ರ ಪರೀಕ್ಷೆಗಳಲ್ಲಿ ಸಾಧನೆ ಉತ್ತಮವಾಗಿತ್ತು. ಒಂದೇ ವಿಭಾಗಕ್ಕೆ ಪ್ರತಿ ಸಲವೂ ಒಂದೇ ಹೊತ್ತು ಬೀಳದಂತೆ ಸರದಿ ಮಾಡಿದರೆ ಸಾಕು.

ತಾತ್ಕಾಲಿಕ ಬೋಧಕರೊಬ್ಬರು

ನನ್ನದು ಸಣ್ಣ ಮಾತು. ನಮ್ಮಂಥವರ ಒಪ್ಪಂದ ಪಾಠದ ಕೊನೆಯ ದಿನಕ್ಕೆ ಮುಗಿಯುತ್ತದೆ. ಪರೀಕ್ಷೆ ರಜೆಯ ನಂತರ ನಡೆದಾಗ, ನಾನು ಪಾಠ ಮಾಡಿದ ವಿಷಯದ ಉತ್ತರಪತ್ರಿಕೆಗಳನ್ನು ಆ ತರಗತಿಯನ್ನು ಕಣ್ಣಿಂದಲೂ ನೋಡದ ಇನ್ನೊಬ್ಬರು ತಿದ್ದಿದರು. ರಜೆಗೆ ಮೊದಲು ನಡೆದಾಗ ನಾನೇ ತಿದ್ದಿದೆ, ಆದರೆ ಸಂಬಳವಿಲ್ಲದ ವಾರಗಳಲ್ಲಿ. ಸಮಿತಿಯು ಪರೀಕ್ಷೆಯ ದಿನಾಂಕವನ್ನು ಬದಲಿಸುವುದಾದರೆ, ಮೌಲ್ಯಮಾಪನ ಮುಗಿಯುವ ದಿನಾಂಕವನ್ನೂ ಅದೇ ಟಿಪ್ಪಣಿಯಲ್ಲಿ ಬರೆದು, ನಮ್ಮ ಒಪ್ಪಂದವನ್ನು ಅಲ್ಲಿಯವರೆಗೆ ವಿಸ್ತರಿಸಬೇಕೆಂದು ದಯವಿಟ್ಟು ಸೂಚಿಸಿ.