ಸರ್ವಿಸ್ ಎದ್ದಿದೆ ಅಂತ ಗೊತ್ತು, ಆದರೆ ರೆಡಿ ಆಗಿದೆ ಅಂತ ತಿಳಿಯೋದು ಹೇಗೆ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಒಂದು ಲಿನಕ್ಸ್ ಮಶೀನಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಅದನ್ನೇ ನಂಬಿಕೊಂಡಿರುವ ನನ್ನ ಆ್ಯಪ್ ಎರಡನ್ನೂ ಓಡಿಸುತ್ತಿದ್ದೇನೆ. ಬಿದ್ದರೆ ಎಬ್ಬಿಸಲಿ ಅಂತ ರೂಟ್ ಆಗಿ ಓಡುವ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ಐದು ಸೆಕೆಂಡಿಗೊಮ್ಮೆ ಪಿಐಡಿ ಫೈಲ್ (ಪ್ರೋಸೆಸ್ಸಿನ ನಂಬರ್ ಬರೆದಿಟ್ಟ ಫೈಲ್) ಓದುತ್ತದೆ, ಆ ನಂಬರಿಗೆ ಕಿಲ್ -0 ಕಳಿಸಿ (ಕೊಲ್ಲದೆ, ಆ ಪ್ರೋಸೆಸ್ ಇದೆಯಾ ಅಂತ ಮಾತ್ರ ಕೇಳೋದು) ನೋಡುತ್ತದೆ, ಪ್ರೋಸೆಸ್ ಇಲ್ಲದಿದ್ದರೆ ಮತ್ತೆ ಶುರು ಮಾಡುತ್ತದೆ. ಮೊನ್ನೆ ಕರೆಂಟ್ ಹೋಗಿ ರೀಬೂಟ್ ಆದ ಮೇಲೆ ಆ್ಯಪ್ ಏಳಲೇ ಇಲ್ಲ, ಸ್ಕ್ರಿಪ್ಟ್ ಮಾತ್ರ ಎಲ್ಲ ಸರಿಯಿದೆ ಅನ್ನುತ್ತಿತ್ತು. ಹುಡುಕಿದಾಗ ಗೊತ್ತಾಯಿತು, ಪಿಐಡಿ ಫೈಲನ್ನು ಡೇಟಾ ಡೈರೆಕ್ಟರಿಯಲ್ಲಿ ಇಟ್ಟಿದ್ದೆ, ಅದರಲ್ಲಿ ಹಳೇ 812 ಹಾಗೇ ಉಳಿದಿತ್ತು, ಈಗ 812 ಅಂದರೆ ಲಾಗ್ ಬರೆಯುವ ಬೇರೆ ಯಾವುದೋ ಪ್ರೋಸೆಸ್!

ಇನ್ನೊಂದು ತೊಂದರೆ. ಡೇಟಾಬೇಸ್ ಶುರುವಾಗಲಿ ಅಂತ ಸ್ಲೀಪ್ 10 ಹಾಕಿದ್ದೆ, ಅದೂ ಸಾಕಾಗಲಿಲ್ಲ. ಇದನ್ನು ಸರಿಯಾಗಿ ಮಾಡೋದು ಹೇಗೆ?

ಕಪ್ಪುಪರದೆ:

ಮೊದಲು ಪಿಐಡಿ ಫೈಲ್ ಬಿಟ್ಟುಬಿಡಿ. ಅದು ಹಿಂದೊಮ್ಮೆ ಯಾರೋ ಬರೆದಿಟ್ಟ ನಂಬರ್ ಅಷ್ಟೇ, ಈಗ ಆ ನಂಬರ್ ಯಾರದ್ದು ಅಂತ ಫೈಲಿಗೆ ಗೊತ್ತಿರುವುದಿಲ್ಲ. ಯೂನಿಕ್ಸಿನಲ್ಲಿ ಒಂದು ಪ್ರೋಸೆಸ್ ಸತ್ತಿದ್ದು ಖಚಿತವಾಗಿ ತಿಳಿಯೋದು ಅದರ ತಾಯಿ ಪ್ರೋಸೆಸ್ಸಿಗೆ. ಮಗು ಸತ್ತ ಕೂಡಲೇ ಕರ್ನಲ್ ತಾಯಿಗೆ ಸಿಗ್‌ಚೈಲ್ಡ್ ಅನ್ನೋ ಸಿಗ್ನಲ್ ಕಳಿಸುತ್ತದೆ, ತಾಯಿ ವೇಟ್‌ಪಿಐಡಿ (ಮಗು ಹೇಗೆ ಸತ್ತಿತು ಅಂತ ವಿಚಾರಿಸುವ ಕಾಲ್) ಕರೆಯುವ ತನಕ ಆ ನಂಬರ್ ಬೇರೆಯವರಿಗೆ ಹೋಗುವುದೂ ಇಲ್ಲ. ಡೀಮನ್‌ಟೂಲ್ಸ್, ರನಿಟ್, ಎಸ್6, ಸಿಸ್ಟಮ್‌ಡಿ ಅನ್ನೋ ಸೂಪರ್‌ವೈಸರ್‌ಗಳು (ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂಗಳು) ಎಲ್ಲವೂ ನಿಂತಿರೋದು ಇದರ ಮೇಲೆಯೇ. ಐದು ಸೆಕೆಂಡಿಗೊಮ್ಮೆ ಹೋಗಿ ಇಣುಕುವ ಕೆಲಸವೇ ಇಲ್ಲ, ಸುದ್ದಿ ತಾನಾಗಿಯೇ ಬರುತ್ತದೆ.

ಆದರೆ ಇದಕ್ಕೆ ನಿಮ್ಮ ಆ್ಯಪ್ ಫೋರ್ಕ್ ಮಾಡಿ (ತನ್ನದೇ ನಕಲು ಪ್ರೋಸೆಸ್ ಹುಟ್ಟಿಸಿ) ಬ್ಯಾಕ್‌ಗ್ರೌಂಡಿಗೆ ಸರಿಯಬಾರದು, ಫೋರ್‌ಗ್ರೌಂಡಿನಲ್ಲೇ ಓಡಬೇಕು. ರನಿಟ್ ಅಥವಾ ಎಸ್6 ಬಳಸಿದರೆ ರನ್ ಸ್ಕ್ರಿಪ್ಟಿನ ಕೊನೇ ಸಾಲಿನಲ್ಲಿ ಎಕ್ಸೆಕ್ (ಶೆಲ್ಲಿನ ಜಾಗದಲ್ಲೇ ಆ್ಯಪ್ ಓಡುವಂತೆ ಮಾಡೋದು) ಹಾಕೋದು ಮರೀಬೇಡಿ. ನಾನು ಒಮ್ಮೆ ಮರೆತಿದ್ದೆ. ಸೂಪರ್‌ವೈಸರ್ ಕಳಿಸಿದ ಸಿಗ್‌ಟರ್ಮ್‌ಗೆ (‘ನಿಲ್ಲು’ ಅನ್ನೋ ಸಿಗ್ನಲ್) ಶೆಲ್ ಸತ್ತಿತು, ಆ್ಯಪ್ ಅನಾಥವಾಗಿ ಪೋರ್ಟ್ ಹಿಡಿದುಕೊಂಡೇ ಕೂತಿತ್ತು. ಹೊಸದಾಗಿ ಎದ್ದಿದ್ದು ಪ್ರತಿ ಸಲ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಸಾಯುತ್ತಿತ್ತು. ಅದನ್ನು ಹುಡುಕೋಕೆ ಅರ್ಧ ದಿನ ಹಿಡಿಯಿತು.

ಹಳೇಟರ್ಮಿನಲ್:

ಮೇಲಿನವರು ಹೇಳಿದ್ದು ಸರಿ, ಆದರೆ ಅದು ಮೊದಲ ತೊಂದರೆಗೆ ಮಾತ್ರ ಉತ್ತರ. ಎದ್ದಿರೋದು ಬೇರೆ, ರೆಡಿ ಇರೋದು ಬೇರೆ. ಕರೆಂಟ್ ಹೋಗಿ ಬಂದ ಮೇಲೆ ಪೋಸ್ಟ್‌ಗ್ರೆಸ್ ವಾಲ್ ಲಾಗ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಓದಿ ರಿಕವರಿ ಮಾಡುತ್ತದೆ. ಆಗ ಪ್ರೋಸೆಸ್ ಇರುತ್ತದೆ, ಪೋರ್ಟ್ ಕೂಡ ತೆರೆದಿರುತ್ತದೆ, ಕನೆಕ್ಟ್ ಮಾಡಿದರೆ ಮಾತ್ರ ‘ಡೇಟಾಬೇಸ್ ಸಿಸ್ಟಮ್ ಈಸ್ ಸ್ಟಾರ್ಟಿಂಗ್ ಅಪ್’ ಅಂತ ವಾಪಸ್ ಕಳಿಸುತ್ತದೆ. ನೀವು ಸ್ಲೀಪ್ 10 ಅನ್ನು 60 ಮಾಡಿದರೂ ಅದು ಊಹೆಯೇ ಅಲ್ವಾ? ತಾನು ರೆಡಿ ಅಂತ ಸರ್ವಿಸ್ಸೇ ಬಾಯಿಬಿಟ್ಟು ಹೇಳಬೇಕು.

ಎಸ್6ನಲ್ಲಿ ಇದು ತುಂಬಾ ಸರಳ. ನೋಟಿಫಿಕೇಶನ್-ಎಫ್‌ಡಿ ಅನ್ನೋ ಫೈಲಿನಲ್ಲಿ 3 ಅಂತ ಬರೆದಿಟ್ಟರೆ, ಸರ್ವಿಸ್ ರೆಡಿ ಆದಾಗ 3ನೇ ನಂಬರಿನ ಫೈಲ್ ಡಿಸ್ಕ್ರಿಪ್ಟರಿಗೆ (ಪ್ರೋಸೆಸ್ ತೆರೆದಿಟ್ಟ ಫೈಲ್ ಅಥವಾ ಪೈಪಿನ ನಂಬರ್) ಒಂದು ನ್ಯೂಲೈನ್ ಬರೆದು ಮುಚ್ಚಿದರೆ ಸಾಕು. ಯಾವ ಲೈಬ್ರರಿಯೂ ಬೇಡ.

ಸಿಸ್ಟಮ್‌ಡಿಯಲ್ಲಿ ನೋಟಿಫೈ_ಸಾಕೆಟ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ ಹೇಳುವ ಯೂನಿಕ್ಸ್ ಸಾಕೆಟ್ಟಿಗೆ ‘ರೆಡಿ=1’ ಅಂತ ಕಳಿಸಬೇಕು. ಪೋಸ್ಟ್‌ಗ್ರೆಸ್‌ಗೆ 9.6ರಿಂದಲೇ ಈ ಬೆಂಬಲ ಇದೆ, ಸಿಸ್ಟಮ್‌ಡಿ ಆಯ್ಕೆ ಹಾಕಿ ಬಿಲ್ಡ್ ಮಾಡಿರಬೇಕು ಅಷ್ಟೇ.

ರಾತ್ರಿಪಾಳಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಒಂದು ಸಂದೇಹ. ನಾನು ಕೇಳಿಸಿಕೊಳ್ಳಲು ಕೂರುವ ಮೊದಲೇ ಆ ‘ರೆಡಿ’ ಸುದ್ದಿ ಬಂದು ಹೋಗಿದ್ದರೆ? ಇಲ್ಲದ ಸುದ್ದಿಗೆ ಸುಮ್ನೆ ಕಾಯುತ್ತಾ ಇರಬೇಕಾಗುತ್ತದಲ್ಲ?

ಹಳೇಟರ್ಮಿನಲ್:

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಸ್ವಂತವಾಗಿ ಬರೆಯುವವರಲ್ಲಿ ಜಾಸ್ತಿ ಜನ ಎಡವೋದು ಇಲ್ಲೇ. ಮೊದಲು ಸ್ಥಿತಿ ನೋಡಿ, ರೆಡಿ ಇಲ್ಲ ಅಂದರೆ ಆಮೇಲೆ ಕಿವಿಗೊಟ್ಟರೆ, ಆ ಎರಡರ ನಡುವೆ ಸುದ್ದಿ ಜಾರಿಹೋಗಬಹುದು. ಅದಕ್ಕೇ ಕ್ರಮ ತಿರುಗಿಸಬೇಕು. ಮೊದಲು ಸುದ್ದಿಗೆ ಹೆಸರು ಬರೆಸಿ, ಆಮೇಲೆ ಈಗಿನ ಸ್ಥಿತಿ ನೋಡಿ, ಆಗಲೇ ರೆಡಿ ಇದ್ದರೆ ಹೊರಡಿ, ಇಲ್ಲದಿದ್ದರೆ ಕಾಯಿರಿ. ಎಸ್6ನ ಕಾಯುವ ಕಮಾಂಡ್ ಎಸ್6-ಎಸ್‌ವಿವೇಟ್ ಮಾಡೋದು ಇದನ್ನೇ.

ಒಳಗೆ ಅದು ನಡೆಯುವ ರೀತಿ ನನಗೆ ತುಂಬಾ ಇಷ್ಟ. ಒಂದು ಡೈರೆಕ್ಟರಿ ಇರುತ್ತದೆ, ಕೇಳಬೇಕಾದ ಪ್ರತಿಯೊಬ್ಬರೂ ಅದರಲ್ಲಿ ತಮ್ಮದೇ ಒಂದು ಫೈಫೋ (ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವ ಪೈಪ್) ಮಾಡಿಕೊಳ್ಳುತ್ತಾರೆ. ಸುದ್ದಿ ಹೇಳುವವರು ಅಲ್ಲಿರುವ ಎಲ್ಲ ಫೈಫೋಗೂ ಒಂದೊಂದು ಬೈಟ್ ಬರೆಯುತ್ತಾರೆ. ಎಲ್ಲರಿಗೂ ಒಂದೇ ಫೈಫೋ ಸಾಲುವುದಿಲ್ಲ, ಯಾಕಂದರೆ ಆ ಬೈಟನ್ನು ಮೊದಲು ಓದಿದವರು ತೆಗೆದುಕೊಂಡು ಹೋದರೆ ಮಿಕ್ಕವರಿಗೆ ಏನೂ ಸಿಗುವುದಿಲ್ಲ. ಕೇಳುವವರು ಯಾರಾದರೂ ಅರ್ಧದಲ್ಲೇ ಸತ್ತಿದ್ದರೆ, ನಾನ್‌ಬ್ಲಾಕ್ ಆಗಿ ಬರೆಯಲು ತೆರೆದಾಗ ಇಎನ್‌ಎಕ್ಸ್‌ಐಒ (ENXIO) ಎರರ್ ಬರುತ್ತದೆ, ಆ ಕಡೆ ಓದುವವರಿಲ್ಲ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಸುದ್ದಿ ಹಂಚಲು ಕಾಯಂ ಓಡುವ ಬಸ್ ಡೀಮನ್ ಇಲ್ಲದೆಯೇ ಇಷ್ಟೆಲ್ಲ ಆಗುತ್ತದೆ.

ಕಪ್ಪುಪರದೆ:

ನಿಮ್ಮ ಮಶೀನಿನಲ್ಲಿ ಸಿಸ್ಟಮ್‌ಡಿ ಆಗಲೇ ಇದ್ದರೆ ಅದನ್ನೇ ಬಳಸಿ, ಇದೊಂದಕ್ಕಾಗಿ ಬೇರೆ ಹಾಕಬೇಕಿಲ್ಲ. ಡೇಟಾಬೇಸ್ ಯೂನಿಟ್ಟಿನಲ್ಲಿ (ಸರ್ವಿಸ್ಸಿನ ಸೆಟ್ಟಿಂಗ್ ಫೈಲ್) ಟೈಪ್=ನೋಟಿಫೈ ಇರಲಿ. ಟೈಪ್=ಸಿಂಪಲ್ ಇದ್ದರೆ ಫೋರ್ಕ್ ಆದ ಕೂಡಲೇ ಶುರುವಾಯಿತು ಅಂದುಕೊಳ್ಳುತ್ತದೆ. ಆ್ಯಪ್ ಯೂನಿಟ್ಟಿನಲ್ಲಿ ಆಫ್ಟರ್ ಮತ್ತು ರಿಕ್ವೈರ್ಸ್ ಎರಡೂ ಹಾಕಿ, ಆಫ್ಟರ್ ಒಂದೇ ಇದ್ದರೆ ಅದು ಬರೀ ಸರದಿ ಹೇಳುತ್ತದೆ, ಡೇಟಾಬೇಸ್ ಬೇಕೇ ಬೇಕು ಅಂತ ಹೇಳೋದು ರಿಕ್ವೈರ್ಸ್.

ಎರಡು ಕಡೆ ಹುಷಾರು. ಶುರುವಾಗಲು ಸಾಮಾನ್ಯವಾಗಿ 90 ಸೆಕೆಂಡ್ ಮಾತ್ರ ಟೈಮ್ ಕೊಡುತ್ತದೆ. ರಿಕವರಿ ಅದಕ್ಕಿಂತ ಜಾಸ್ತಿ ಹಿಡಿದರೆ ಅರ್ಧದಲ್ಲೇ ಕೊಂದುಬಿಡುತ್ತದೆ, ಹಾಗಾಗಿ ಟೈಮ್‌ಔಟ್‌ಸ್ಟಾರ್ಟ್‌ಸೆಕ್=ಇನ್ಫಿನಿಟಿ ಹಾಕಿ. ಇನ್ನೊಂದು, ರೀಸ್ಟಾರ್ಟ್=ಆಲ್ವೇಸ್ ಕೊಟ್ಟರೂ 10 ಸೆಕೆಂಡಿನೊಳಗೆ 5 ಸಲಕ್ಕಿಂತ ಜಾಸ್ತಿ ಶುರು ಮಾಡಬೇಕಾಗಿ ಬಂದರೆ ಕೈಬಿಡುತ್ತದೆ. ರೀಸ್ಟಾರ್ಟ್‌ಸೆಕ್ ಹೇಳದೇ ಹೋದರೆ ಬರೀ 100 ಮಿಲಿಸೆಕೆಂಡ್, ಹಾಗಾಗಿ ಆ ಐದು ಸಲ ಕಣ್ಣುಮುಚ್ಚಿ ತೆಗೆಯೋದರೊಳಗೆ ಮುಗಿದುಹೋಗುತ್ತದೆ. 3 ಸೆಕೆಂಡ್ ಇಡಿ.

ರಾತ್ರಿಪಾಳಿ:

ಹಾಗೇ ಮಾಡಿದೆ. ಟೆಸ್ಟ್ ಮಶೀನಿನಲ್ಲಿ ಜಾಸ್ತಿ ಡೇಟಾ ಬರೆಯುತ್ತಿರುವಾಗಲೇ ಪವರ್ ತೆಗೆದು ನೋಡಿದೆ. ಮತ್ತೆ ಆನ್ ಮಾಡಿದಾಗ ರಿಕವರಿಗೆ 40 ಸೆಕೆಂಡ್ ಹಿಡಿಯಿತು, ಅಷ್ಟು ಹೊತ್ತೂ ಆ್ಯಪ್ ಶುರುವಾಗದೆ ಕಾದಿತ್ತು, ರೆಡಿ ಬಂದ ಕೂಡಲೇ ಎದ್ದಿತು. ಹಳೇ ಸ್ಕ್ರಿಪ್ಟ್ ಡಿಲೀಟ್ ಮಾಡಿದ್ದೇನೆ.