ಮೂರನೇ ಪಂಪಿನ ಕಾಗದ ಎಲ್ಲಿದೆ? ಯಂತ್ರಗಳ ದಾಖಲೆ ಜೋಡಿಸಿದ ಅನುಭವಿಗಳಿಗೆ ಒಂದು ಪ್ರಶ್ನೆ

ಪ್ರಶ್ನೆ: ಜಾಕ್‌ವೆಲ್ ಎಂಜಿನಿಯರ್, ಮಂಡ್ಯ

ಮಂಡ್ಯ ಜಿಲ್ಲೆಯಲ್ಲಿ ಕುಡಿಯುವ ನೀರು ಪೂರೈಸುವ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಸಹಾಯಕ ಎಂಜಿನಿಯರ್. ಏಳು ಪಂಪ್‌ಹೌಸ್‌ಗಳ ಪಂಪು, ಮೋಟಾರು, ಟ್ರಾನ್ಸ್‌ಫಾರ್ಮರ್, ಪ್ಯಾನೆಲ್‌ಗಳ ದಾಖಲೆಗಳನ್ನೆಲ್ಲ ಒಂದು ವ್ಯವಸ್ಥೆಗೆ ತರುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ನಕ್ಷೆಗಳು ತಾಂತ್ರಿಕ ಶಾಖೆಯ ಬೀರುವಿನಲ್ಲಿವೆ, ಖರೀದಿ ಆದೇಶಗಳು ಲೆಕ್ಕಪತ್ರ ಶಾಖೆಯಲ್ಲಿವೆ, ಪರೀಕ್ಷಾ ವರದಿಗಳು ಗುತ್ತಿಗೆದಾರರ ಬಿಲ್ಲುಗಳ ಜೊತೆ ಸೇರಿ ಹೊಲಿಗೆಯೊಳಗೆ ಹೋಗಿವೆ. ಮ್ಯಾನುಯಲ್‌ಗಳಲ್ಲಿ ಅರ್ಧದಷ್ಟು ಸಿಕ್ಕಿಯೇ ಇಲ್ಲ.

ಇದು ಬರಿಯ ಕಾಗದದ ಕೆಲಸ ಎಂದು ಮೊದಲು ನಾನೂ ತಿಳಿದಿದ್ದೆ. ಕಳೆದ ಬೇಸಿಗೆಯ ಒಂದು ರಾತ್ರಿ ಜಾಕ್‌ವೆಲ್‌ನ, ಅಂದರೆ ನದಿನೀರಿನ ಬಾವಿಯ ಮೇಲಿರುವ ಪಂಪ್‌ಹೌಸಿನ, ಮೂರನೇ ಪಂಪಿನ ಮೋಟಾರು ಕಿರುಗುಟ್ಟಿ ನಿಂತಿತು. ಶಾಫ್ಟು ಸಲೀಸಾಗಿ ತಿರುಗಲು ಆಧಾರವಾಗುವ ಬೇರಿಂಗ್ ಹೋಗಿತ್ತು. ಕಡತದಲ್ಲಿದ್ದ ಮ್ಯಾನುಯಲ್ ತೆಗೆದು, 6316 ಸಂಖ್ಯೆಯದು ತನ್ನಿ ಎಂದು ಬರೆದುಕೊಟ್ಟವಳು ನಾನೇ. ಬೆಳಗ್ಗೆ ಮೈಸೂರಿನಿಂದ ಬೇರಿಂಗ್ ಬಂತು. ಮೋಟಾರು ಬಿಚ್ಚಿದರೆ ಒಳಗಿದ್ದದ್ದು 6317. ಒಂದರ ಒಳವ್ಯಾಸ 80 ಮಿಲಿಮೀಟರ್, ಇನ್ನೊಂದರದು 85. ಹೊಸ ಬೇರಿಂಗನ್ನು ಶಾಫ್ಟಿನ ತುದಿಗೆ ಹಿಡಿದು ನಮ್ಮ ಮೆಕ್ಯಾನಿಕ್ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಆ ಐದು ಮಿಲಿಮೀಟರ್‌ನಿಂದಾಗಿ ಎತ್ತರದ ಬಡಾವಣೆಗಳಿಗೆ ಎರಡು ದಿನ ನೀರು ಏರಲಿಲ್ಲ. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿದ್ದವರ ಸಾಲು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆದದ್ದು ಇಷ್ಟು: ಹಿಂದೊಮ್ಮೆ ಮೂರನೇ ಪಂಪಿನ ಮೋಟಾರು ರಿವೈಂಡಿಂಗ್‌ಗೆ (ಒಳಗಿನ ತಂತಿಯನ್ನು ಹೊಸದಾಗಿ ಸುತ್ತಿಸಲು) ಹೋದಾಗ ಎರಡನೇ ಪಂಪಿನ ಮೋಟಾರನ್ನು ತಂದು ಅಲ್ಲಿ ಕೂರಿಸಿದ್ದರು. ಎರಡೂ 125 ಎಚ್‌ಪಿ, ತಯಾರಕರು ಮಾತ್ರ ಬೇರೆ. ಆ ಬದಲಾವಣೆ ಕಡತಕ್ಕೆ ಏರಲೇ ಇಲ್ಲ.

ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು ಎಂದು ಕಚೇರಿಯಲ್ಲಿ ಹೇಳುತ್ತಿದ್ದಾರೆ. ತಪ್ಪು ಮ್ಯಾನುಯಲ್ಲನ್ನು ಸ್ಕ್ಯಾನ್ ಮಾಡಿದರೆ ಅದು ಸರಿಯಾಗುವುದಿಲ್ಲವಲ್ಲ. ಈ ಕೆಲಸ ಮಾಡಿದವರು ಎಲ್ಲಿಂದ ಆರಂಭಿಸಿದಿರಿ?

ಉತ್ತರ 1: ನಿವೃತ್ತ ಅಧೀಕ್ಷಕ, ಮೈಸೂರು

ನೋಡಿಯಮ್ಮ, ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. "ಮೂರನೇ ಪಂಪು" ಎನ್ನುವುದು ಒಂದು ಜಾಗದ ಹೆಸರು. ಅಲ್ಲಿ ಇವತ್ತು ಕುಳಿತಿರುವ ಮೋಟಾರು ನಾಳೆ ಬೇರೆ ಕಡೆ ಹೋಗಬಹುದು. ಮನೆಗೆ ಬಾಗಿಲ ಸಂಖ್ಯೆ ಇರುತ್ತದೆ, ಬಾಡಿಗೆಗೆ ಬಂದವರಿಗೆ ಅವರವರ ಹೆಸರಿರುತ್ತದೆ. ನಿಮ್ಮ ಕಚೇರಿಯವರು ಬಾಡಿಗೆದಾರರ ಕಾಗದವನ್ನು ಬಾಗಿಲಿಗೆ ಅಂಟಿಸಿಬಿಟ್ಟಿದ್ದಾರೆ.

ಆದ್ದರಿಂದ ಎರಡು ಬಗೆಯ ಕಡತ ತೆರೆಯಿರಿ. ಅಡಿಪಾಯದ ನಕ್ಷೆ, ಕೇಬಲ್ ಹಾದಿ, ಪ್ಯಾನೆಲ್‌ನ ವಿದ್ಯುತ್ ನಕ್ಷೆ, ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಇವೆಲ್ಲ ಜಾಗದ ಕಡತಕ್ಕೆ. ಮ್ಯಾನುಯಲ್, ಪರೀಕ್ಷಾ ಪ್ರಮಾಣಪತ್ರ, ವಾರಂಟಿ, ರಿವೈಂಡಿಂಗ್ ವರದಿ ಯಂತ್ರದ ಕಡತಕ್ಕೆ, ಅದರ ಕ್ರಮ ಸಂಖ್ಯೆಯ ಮೇಲೆ. ಮೋಟಾರು ಎದ್ದು ಹೊರಟ ದಿನ ಜಾಗದ ಕಡತದಲ್ಲಿ ಒಂದು ಸಾಲು, ಯಂತ್ರದ ಕಡತದಲ್ಲಿ ಒಂದು ಸಾಲು. ಬರೆಯುವವರು ಯಾರು ಎಂಬುದನ್ನು ಕಚೇರಿ ಆದೇಶದಲ್ಲೇ ಹೇಳಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾರೆ.

ಹೊಸ ಕಾಮಗಾರಿಗಳಲ್ಲಿ ಒಂದು ವಿಷಯಕ್ಕೆ ಮಾತ್ರ ಪಟ್ಟು ಹಿಡಿಯಿರಿ. ಕೆಲಸ ನಿಜವಾಗಿ ಹೇಗೆ ಮುಗಿಯಿತೋ ಹಾಗೆ ತಿದ್ದಿದ ನಕ್ಷೆ ಕೈಗೆ ಬಾರದೆ ಅಂತಿಮ ಬಿಲ್ಲು ಮುಂದಕ್ಕೆ ಹೋಗಬಾರದು. ಗುತ್ತಿಗೆದಾರರಿಗೆ ಹಣ ಕೈಸೇರಿದ ಮೇಲೆ ನಕ್ಷೆ ಕೇಳಿ ಪಡೆದವರನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ಮೇಲಿನವರು ಕೇಳಿದರೆ, 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಪ್ರಕರಣವನ್ನು ಟಿಪ್ಪಣಿಯಲ್ಲಿ ಕಾಣಿಸಿ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎಂದು ಅಲ್ಲಿ ಮೊದಲಿಗೇ ಬರೆದಿದೆ.

ಉತ್ತರ 2: ಪಂಪ್ ಆಪರೇಟರ್, ಶ್ರೀರಂಗಪಟ್ಟಣ

ಮೇಡಂ, ಬೀರುವಿನಿಂದ ಆರಂಭಿಸಬೇಡಿ, ಯಂತ್ರದ ಮುಂದೆ ನಿಂತು ಆರಂಭಿಸಿ. ಪ್ರತಿ ಮೋಟಾರಿನ ನೇಮ್‌ಪ್ಲೇಟ್ ಫೋಟೋ ತೆಗೆಯಿರಿ. ಆದರೆ ಎಷ್ಟೋ ಕಡೆ ನಿಮಗೆ ಓದಲು ಸಿಗುವುದಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಮೊದಲು ಯಂತ್ರಗಳಿಗೆ ಬಣ್ಣ ಬಳಿಯುತ್ತೇವೆ, ಪ್ಲೇಟಿನ ಮೇಲೂ ಬಳಿದಿರುತ್ತೇವೆ, ಅದರ ಮೇಲೆ ವಿಭೂತಿ, ಕುಂಕುಮ. ಭಕ್ತಿಯಿಂದ ಮಾಡಿದ್ದು, ಬೇಸರ ಮಾಡಿಕೊಳ್ಳಬೇಡಿ. ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಉಪ್ಪುಕಾಗದದಿಂದ ಉಜ್ಜಬೇಡಿ, ಅಕ್ಷರವೇ ಹೋಗುತ್ತದೆ. ಸಂಖ್ಯೆ ಕೊರೆದದ್ದಾಗಿದ್ದರೆ ತೆಳುವಾದ ಬಿಳಿ ಹಾಳೆಯನ್ನು ಅದರ ಮೇಲಿಟ್ಟು ಸೀಸದ ಕಡ್ಡಿಯನ್ನು ಅಡ್ಡಡ್ಡ ಉಜ್ಜಿ. ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ. ಕಣ್ಣಿಗೆ ಕಾಣದ ಅಂಕಿ ಹಾಳೆಯ ಮೇಲೆ ಎದ್ದು ಬರುತ್ತದೆ. ಬೇರಿಂಗ್ ಸಂಖ್ಯೆ ಬಹಳ ಪ್ಲೇಟುಗಳಲ್ಲಿ ಎರಡು ಇರುತ್ತದೆ, ಎರಡೂ ತುದಿಯದು. ಎರಡನ್ನೂ ಬರೆದುಕೊಳ್ಳಿ.

ಇನ್ನೊಂದು ಮಾತು. ಎಲ್ಲ ಸೇರಿಸಿದ ಮೇಲೆ ಒಂದು ಪ್ರತಿಯನ್ನು ಪಂಪ್‌ಹೌಸಿನಲ್ಲೇ ಇಡಿ. ರಾತ್ರಿ ಎರಡು ಗಂಟೆಗೆ ಕಚೇರಿಯ ಬೀಗ ತೆಗೆಸಲು ನಮಗೆ ಆಗುವುದಿಲ್ಲ.

ಉತ್ತರ 3: ಗಣಕ ಸಹಾಯಕಿ, ಮೈಸೂರು

ಹಿರಿಯರು ಹೇಳಿದ ಜೋಡಣೆ ಮುಗಿಯುವವರೆಗೆ ಸ್ಕ್ಯಾನರ್ ಮುಟ್ಟಬೇಡಿ. ಆಮೇಲೂ ಸ್ಕ್ಯಾನ್ ಮಾಡಿದ ಕಡತದ ಹೆಸರಿನಲ್ಲಿ ಮೊದಲು ಯಂತ್ರದ ಸಂಖ್ಯೆ ಬರಲಿ, ನಂತರ ದಾಖಲೆಯ ಬಗೆ, ಕೊನೆಗೆ ವರ್ಷ. "ಹೊಸದು", "ಅಂತಿಮ", "ಅಂತಿಮ 2" ಎಂಬ ಹೆಸರುಗಳನ್ನು ಯಾರೂ ಇಡದಂತೆ ನೋಡಿಕೊಳ್ಳಿ.

ನಾನು ಸಿಕ್ಕಿಬಿದ್ದ ಜಾಗವೊಂದನ್ನು ಹೇಳುತ್ತೇನೆ. ನಮ್ಮ ಹಳೆಯ ಪಟ್ಟಿಗಳೆಲ್ಲ ಯೂನಿಕೋಡ್‌ಗಿಂತ ಹಿಂದಿನ "ನುಡಿ" ತಂತ್ರಾಂಶದ ಅಕ್ಷರಗಳಲ್ಲಿದ್ದವು. ತೆರೆದರೆ ಕನ್ನಡವೇ ಕಾಣುತ್ತದೆ, ಆದರೆ "ಮೋಟಾರು" ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಮೂರು ವಾರ ಆ ಪಟ್ಟಿ ಇಲ್ಲವೆಂದೇ ನಂಬಿ ಹೊಸದಾಗಿ ಟೈಪ್ ಮಾಡಿದ್ದೆವು. ಮೊದಲು ಪರಿವರ್ತಿಸಿಕೊಳ್ಳಿ, ಅಂಕಿಗಳನ್ನು ಕಣ್ಣಿಟ್ಟು ತಾಳೆ ನೋಡಿ. ಹಳೆಯ ನಕ್ಷೆಯನ್ನು ಎಸೆಯುವುದು ಬೇಡ, ಮೇಲೆ "ರದ್ದಾಗಿದೆ" ಎಂಬ ಮೊಹರು ಮತ್ತು ಬದಲಿ ನಕ್ಷೆಯ ಸಂಖ್ಯೆ ಸಾಕು.

ಪ್ರಶ್ನೆ ಕೇಳಿದವರಿಂದ: ಜಾಕ್‌ವೆಲ್ ಎಂಜಿನಿಯರ್, ಮಂಡ್ಯ

ಮೂವರಿಗೂ ವಂದನೆ. ಎರಡು ಶನಿವಾರ ಸೀಸದ ಕಡ್ಡಿ ಹಿಡಿದು ಓಡಾಡಿದೆ. ಹದಿನಾಲ್ಕು ಮೋಟಾರುಗಳಲ್ಲಿ ನಾಲ್ಕು ಕಡತದೊಂದಿಗೆ ತಾಳೆಯಾಗಲಿಲ್ಲ. ಅವುಗಳಲ್ಲಿ ಒಂದು ಬೆಂಗಳೂರಿನ ಎನ್‌ಜಿಇಎಫ್ ಕಾರ್ಖಾನೆಯ ಮೋಟಾರು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಮ್ಯಾನುಯಲ್ ಕೇಳಲು ತಯಾರಕರೇ ಇಲ್ಲ. ಮುಂದಿನ ಸಲ ಬಿಚ್ಚಿದಾಗ ಅಳತೆಗಳನ್ನೆಲ್ಲ ನಾವೇ ತೆಗೆದು ಬರೆದಿಡುವುದೆಂದು ಮೆಕ್ಯಾನಿಕ್ ಜೊತೆ ಮಾತಾಗಿದೆ.

ಜಾಕ್‌ವೆಲ್‌ನಲ್ಲಿ ನಾನು ಹಾಳೆ ಉಜ್ಜುತ್ತಿದ್ದುದನ್ನು ನೋಡುತ್ತಿದ್ದ ಹಿರಿಯ ಆಪರೇಟರ್, ದೇವರ ಪಟದ ಹಿಂದೆ ಕೈಹಾಕಿ ಒಂದು ಡೈರಿ ತೆಗೆದರು. ಮೋಟಾರು ಎರಡರಿಂದ ಮೂರಕ್ಕೆ ಬಂದ ದಿನ, ತಂದವರ ಹೆಸರು, ಎರಡೂ ಕ್ರಮ ಸಂಖ್ಯೆಗಳು, ಎಲ್ಲ ಅವರ ದುಂಡನೆಯ ಅಕ್ಷರದಲ್ಲಿತ್ತು. "ಯಾರೂ ಕೇಳಲಿಲ್ಲ ಮೇಡಂ" ಎಂದರು. ಆ ಪುಟದ ಪ್ರತಿ ತೆಗೆಸಿ, ಅವರ ಸಹಿ ಹಾಕಿಸಿ, ಆ ಮೋಟಾರಿನ ಕಡತಕ್ಕೆ ಮೊದಲ ಹಾಳೆಯಾಗಿ ಸೇರಿಸಿದ್ದೇನೆ. ಉಳಿದ ಆರು ಪಂಪ್‌ಹೌಸ್‌ಗಳಲ್ಲೂ ಇಂಥ ಡೈರಿ ಇದೆಯೇ ಎಂದು ಈ ವಾರ ಕೇಳಿಕೊಂಡು ಬರುತ್ತೇನೆ.