ಆಟೊ ಬಿಡಿಭಾಗದ ಟರ್ನರ್‌ಗಳ ಕೈಗೆ ಟೈಟಾನಿಯಂ ಕೊಡಬಹುದಾ?

ಪೀಣ್ಯ_ಶಾಪ್: ಇಲ್ಲಿಯವರೆಗೆ ನಮ್ಮ ಲೇತ್‌ನಲ್ಲಿ ಇಎನ್8 (ಮಧ್ಯಮ ಇಂಗಾಲದ ಉಕ್ಕು) ಶಾಫ್ಟ್ ಮಾತ್ರ. ಈಗ ವಿಮಾನದ ಬುಷ್ ಆರ್ಡರ್ ಬಂದಿದೆ: ಗ್ರೇಡ್ 5 ಟೈಟಾನಿಯಂ, ಹೊರವ್ಯಾಸ 40 ಮಿ.ಮೀ., ಗೋಡೆ 3 ಮಿ.ಮೀ., ಲಾಟಿಗೆ 25. ನಮ್ಮ ಹುಡುಗರ ಯಾವ ಅನುಭವ ಇಲ್ಲಿ ನಡೆಯುತ್ತೆ, ಯಾವುದು ಕೈಕೊಡುತ್ತೆ?

ಸೆಟ್ಟರ್62: ಸೆಟ್ಟಿಂಗ್, ಡಯಲ್, ಆಫ್‌ಸೆಟ್, ಡ್ರಾಯಿಂಗ್ ಓದೋದು ಎಲ್ಲ ನಡೆಯುತ್ತೆ. ಕೈಕೊಡೋದು ಕಿವಿ, ಅಂದ್ರೆ ಸದ್ದು ಕೇಳಿ ಸ್ಪೀಡ್, ಫೀಡ್ (ಒಂದು ಸುತ್ತಿಗೆ ಟೂಲ್ ಮುಂದೆ ಸರಿಯೋ ದೂರ) ಹೊಂದಿಸೋ ಅಂದಾಜು. ಇಎನ್8ಗೆ ನಿಮಿಷಕ್ಕೆ 180 ಮೀಟರ್ ಅಂದ್ರೆ 40 ವ್ಯಾಸಕ್ಕೆ ಸುಮಾರು 1430 ಆರ್‌ಪಿಎಂ. ಟೈಟಾನಿಯಂಗೆ 50 ಮೀಟರ್‌ನಿಂದ ಶುರು ಮಾಡಿ, ಅಂದ್ರೆ 400. ಉಕ್ಕಿನಲ್ಲಿ ಬಹುಪಾಲು ಬಿಸಿ ಚಿಪ್ ಜೊತೆ ಹೊರಟುಹೋಗುತ್ತೆ. ಟೈಟಾನಿಯಂನಲ್ಲಿ ಅದು ಇನ್ಸರ್ಟ್ (ಟೂಲ್‌ಗೆ ಕೂರಿಸೋ, ಬದಲಿಸಬಹುದಾದ ಕಡಿಯೋ ತುಂಡು) ತುದಿಯಲ್ಲೇ ಕೂರುತ್ತೆ. ಕಿರಗುಟ್ಟಿದ ತಕ್ಷಣ ಫೀಡ್ ಇಳಿಸೋದು ನಮ್ಮವರ ಅಭ್ಯಾಸ. ಇಲ್ಲಿ ಹಾಗೆ ಮಾಡಿದ್ರೆ ಟೂಲ್ ಕಡಿಯದೆ ಉಜ್ಜುತ್ತೆ, ಮೇಲ್ಮೈ ಗಡಸಾಗುತ್ತೆ, ಮುಂದಿನ ಪಾಸ್‌ಗೆ ತುದಿ ಚೂರಾಗುತ್ತೆ. ಫೀಡ್ ಸುತ್ತಿಗೆ 0.15 ಮಿ.ಮೀ.ನಲ್ಲೇ ಬಿಟ್ಟು ಸ್ಪೀಡ್ ಇಳಿಸಿ. ಚೂಪು ಅಂಚಿನ ಪಾಸಿಟಿವ್ (ಕಡಿಯೋ ಮುಖ ಹಿಂದಕ್ಕೆ ಇಳಿಜಾರಾದ) ಇನ್ಸರ್ಟ್ ಹಾಕಿ.

ಬೋರ್‌ಗೇಜ್: 3 ಮಿ.ಮೀ. ಗೋಡೆ ಅಂದ್ರಲ್ಲ, ನಿಜವಾದ ತಲೆನೋವು ಅದೇ. ಅದೇ ಬಲಕ್ಕೆ ಟೈಟಾನಿಯಂ ಉಕ್ಕಿನ ಸುಮಾರು ಎರಡರಷ್ಟು ಬಾಗುತ್ತೆ. ಚಕ್‌ನಲ್ಲಿ (ಪೀಸ್ ಹಿಡಿಯೋ ದವಡೆಗಳಲ್ಲಿ) ಹಳೇ ಪ್ರೆಷರ್‌ನಲ್ಲೇ ಹಿಡಿದ್ರೆ ಬೋರ್ ಚಕ್‌ನಲ್ಲಿರುವಾಗ ದುಂಡಗೆ ಕಾಣುತ್ತೆ, ಬಿಟ್ಟ ಮೇಲೆ ಮೂರು ಮೂಲೆ. ಹೊರವ್ಯಾಸಕ್ಕೇ ಸಾಫ್ಟ್ ಜಾ (ಪೀಸ್‌ಗೆ ಹೊಂದುವಂತೆ ಕೊರೆದುಕೊಳ್ಳೋ ಮೆತ್ತನೆ ದವಡೆ) ಬೋರ್ ಮಾಡಿ, ರಫ್ ಆದ್ಮೇಲೆ ಒಮ್ಮೆ ಸಡಿಲಿಸಿ, ಕಮ್ಮಿ ಪ್ರೆಷರ್‌ನಲ್ಲಿ ಹಿಡಿದು ಫಿನಿಶ್ ತೆಗೀರಿ. ಎರಡು ಪಾಯಿಂಟ್ ಬೋರ್ ಗೇಜ್‌ಗೆ ಆ ಮೂರು ಮೂಲೆ ಸಿಗೋದೇ ಇಲ್ಲ. ಮೂರು ಪಾಯಿಂಟ್ ಮೈಕ್ರೋಮೀಟರ್ ತಿರುಗಿಸುತ್ತಾ ನೋಡಬೇಕು.

ಕ್ವಾಲಿಟಿ_ಡೆಸ್ಕ್: ಪಿಪಿಎಪಿ (ಆಟೊ ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯೋ ದಾಖಲೆ) ಮಾಡಿದವರಿಗೆ ಎಎಸ್9102 (ವಿಮಾನದ ಭಾಗಗಳ ಮೊದಲ ಪೀಸ್ ತಪಾಸಣೆ ಮಾನದಂಡ) ಹೊಸದೇನಲ್ಲ. ಡ್ರಾಯಿಂಗ್‌ನ ಪ್ರತಿ ಅಳತೆ, ಪ್ರತಿ ನೋಟ್‌ಗೂ ಬಲೂನ್ ನಂಬರ್ ಹಾಕಿ ಮೊದಲ ಪೀಸ್‌ನ ರೀಡಿಂಗ್ ಬರೀಬೇಕು. ಕಷ್ಟ ಇರೋದು ಬಾರ್ ತುಂಡುಗಳಲ್ಲಿ: ಉಳಿದ ತುಂಡನ್ನ ರ್‍ಯಾಕ್‌ಗೆ ಎಸೆಯೋ ಚಾಳಿ ಬಿಡಿಸಿ. ಕತ್ತರಿಸೋ ಮೊದಲೇ ಹೀಟ್ ನಂಬರ್ (ಲೋಹ ಯಾವ ಕರಗಿಸಿದ ಬ್ಯಾಚ್‌ನಿಂದ ಬಂತು ಅನ್ನೋ ಗುರುತು) ಎರಡೂ ತುಂಡಿಗೆ ಬರೀಬೇಕು. ಬೆರೆತರೆ ಲಾಟ್ ಪೂರ್ತಿ ನಿಲ್ಲುತ್ತೆ. ಆದ್ರೆ ಪೀಸ್ ಎಣಿಸಿ ಇನ್ಸರ್ಟ್ ಬದಲಿಸೋ ಆಟೊ ಶಿಸ್ತು ಬಿಡಬೇಡಿ, ವಿಮಾನದ ಶಾಪ್‌ಗಳಲ್ಲೂ ಅದು ಎಲ್ಲರಿಗೂ ಇರಲ್ಲ.

ಪೀಣ್ಯ_ಶಾಪ್: ಚಿಪ್ಸ್ ಇಎನ್8 ಡಬ್ಬಕ್ಕೇ ಹಾಕಬಹುದಾ?

ಸೆಟ್ಟರ್62: ಬೇಡ. ಬೇರೆ ಮುಚ್ಚಳದ ಡಬ್ಬ ಇಡಿ, ದಿನವೂ ಖಾಲಿ ಮಾಡಿ. ಸಣ್ಣ ಚಿಪ್ಸ್‌ಗೆ ಬೆಂಕಿ ಹತ್ತಿದ್ರೆ ನೀರು ಹಾಕಬಾರದು, ಹೈಡ್ರೋಜನ್ ಬರುತ್ತೆ. ಪಕ್ಕದಲ್ಲಿ ಕ್ಲಾಸ್ ಡಿ (ಲೋಹದ ಬೆಂಕಿ ಆರಿಸೋ) ಪೌಡರ್ ಇರಲಿ.